ಹೊಸ ಮೊಬೈಲ್ ಸ್ಕ್ರೀನ್ ಒಂದು ಕಡೆ ಮಬ್ಬು? ದುಡ್ಡು ಕೊಡೋ ಮೊದಲು ಬೂದು ಬಣ್ಣ ಹಾಕಿ ನೋಡ್ರಿ

ವಿಜಯಪುರ: ತಿಕೋಟಾ, ಬಬಲೇಶ್ವರ ಕಡೆಯಿಂದ ಬಸ್ ಹತ್ತಿ ನಗರಕ್ಕೆ ಬಂದು ಹೊಸ ಮೊಬೈಲ್ ಒಯ್ಯುವವರಿಗೆ ಸ್ಕ್ರೀನಿನ ದೋಷ ಕಾಣೋದು ಬಹಳ ಸಲ ಮನೆ ಮುಟ್ಟಿದ ಮೇಲೆ. ರಾತ್ರಿ ಲೈಟ್ ಆರಿಸಿ ಮೊಬೈಲ್ ಹಿಡಿದರೆ ಒಂದು ಅಂಚು ಬೆಳ್ಳಗೆ, ಇನ್ನೊಂದು ಕಡೆ ಮಬ್ಬು. ಬದಲಿಸಬೇಕಂದ್ರೆ ಮತ್ತೆ ಬಸ್ ಚಾರ್ಜ್, ಒಂದು ದಿನದ ಕೆಲಸ ಖೋತಾ. 'ನಿನ್ನೆ ಸರಿ ಇತ್ತಲ್ರೀ' ಅಂತ ಅಂಗಡಿಯವರು ಅಂದರೆ ಅವರದೂ ಸುಳ್ಳಲ್ಲ. ಅಂಗಡಿಯ ಝಗಮಗ ಬೆಳಕಿನಲ್ಲಿ, ಬ್ರೈಟ್‌ನೆಸ್ ಫುಲ್ ಇದ್ದಾಗ ಈ ದೋಷ ಸುಲಭಕ್ಕೆ ಕಣ್ಣಿಗೆ ಬೀಳೋದಿಲ್ಲ.

ಸ್ಕ್ರೀನ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಕಡಿಮೆ ಬೆಲೆಯ ಬಹಳಷ್ಟು ಫೋನ್‌ಗಳಲ್ಲಿರುವ ಎಲ್‌ಸಿಡಿಯಲ್ಲಿ ಹಿಂದುಗಡೆ ಬೇರೆ ಲೈಟ್ ಇರುತ್ತದೆ. ಜೋಡಣೆ ಸರಿ ಇಲ್ಲದಿದ್ದರೆ ಆ ಬೆಳಕು ಅಂಚಿನಿಂದ ಸೋರುತ್ತದೆ. ಅಮೊಲೆಡ್‌ನಲ್ಲಿ ಒಂದೊಂದು ಚುಕ್ಕೆಯೂ ತಾನೇ ಉರಿಯುತ್ತದೆ. ಎಲ್ಲ ಚುಕ್ಕೆ ಒಂದೇ ಸಮ ಉರಿಯದಿದ್ದರೆ ಒಂದು ಭಾಗ ಗುಲಾಬಿ, ಇನ್ನೊಂದು ಭಾಗ ಹಸಿರು ಛಾಯೆ ತೋರುತ್ತದೆ, ಅದೂ ಬ್ರೈಟ್‌ನೆಸ್ ಕಡಿಮೆ ಇದ್ದಾಗಲೇ ಹೆಚ್ಚು.

ಪರೀಕ್ಷೆಗೆ ಐದು ನಿಮಿಷ ಸಾಕು. ಕಂಪನಿ ಅಂಟಿಸಿದ ಸಾಗಾಟದ ಪ್ಲಾಸ್ಟಿಕ್ ಕೀಳಿಸಿ. ಆಟೋ ಬ್ರೈಟ್‌ನೆಸ್, ಕಣ್ಣಿಗೆ ತಂಪು ಅಂತ ಸ್ಕ್ರೀನ್ ಹಳದಿ ಮಾಡುವ ಸೆಟ್ಟಿಂಗ್ ಎರಡನ್ನೂ ಬಂದ್ ಮಾಡಿ. ಪೂರ್ತಿ ಬಿಳಿ, ಪೂರ್ತಿ ಕಪ್ಪು, ಗಾಢ ಬೂದು ಹೀಗೆ ಮೂರು ಖಾಲಿ ಫೋಟೊ ಮೊದಲೇ ಹಳೇ ಮೊಬೈಲ್‌ನಲ್ಲಿ ಇಟ್ಟುಕೊಂಡು ಹೋದರೆ ಹೊಸದಕ್ಕೆ ಕಳಿಸಿ ನೋಡಬಹುದು. ಬ್ರೈಟ್‌ನೆಸ್ ಕಾಲು ಭಾಗಕ್ಕಿಂತ ಕೆಳಗಿಳಿಸಿ, ಅಂಗಡಿಯ ಮಬ್ಬು ಮೂಲೆಗೆ ಹೋಗಿ, ಸ್ಕ್ರೀನ್ ನೇರ ಹಿಡಿದು ನೋಡಬೇಕು. ಎಲ್‌ಸಿಡಿ ಸೋರಿಕೆ ಕಪ್ಪಿನಲ್ಲಿ ಕಾಣುತ್ತದೆ, ಅಮೊಲೆಡ್ ಛಾಯೆ ಬೂದಿನಲ್ಲಿ. ಬಿಳಿ ಒಂದನ್ನೇ ನೋಡಿ ಪಾಸ್ ಮಾಡಬಾರದು.

ಕಲೆ ಕಂಡರೆ ಫೋನನ್ನು ತಲೆಕೆಳಗೆ ತಿರುಗಿಸಿ. ಕಲೆಯೂ ಫೋನ್ ಜೊತೆ ತಿರುಗಿದರೆ ದೋಷ ಸ್ಕ್ರೀನಿನದು, ನಿಂತಲ್ಲೇ ನಿಂತರೆ ಅದು ಮೇಲಿನ ದೀಪದ ಪ್ರತಿಬಿಂಬ. ಇನ್ನೊಂದು ಮೊಬೈಲ್‌ನಿಂದ ಕತ್ತಲಲ್ಲಿ ತೆಗೆದ ಫೋಟೊ ಇದ್ದುದಕ್ಕಿಂತ ಹೆಚ್ಚು ತೋರಿಸಬಹುದು, ಹಾಗಾಗಿ ಕಣ್ಣನ್ನೇ ನಂಬೋದು ಚಲೋ. ಬ್ರೈಟ್‌ನೆಸ್ ತೀರಾ ಇಳಿಸಿದಾಗ ಕೂದಲೆಳೆಯಷ್ಟು ವ್ಯತ್ಯಾಸ ಒಳ್ಳೆ ಫೋನಿನಲ್ಲೂ ಇರುತ್ತದೆ, ಅದಕ್ಕೆ ಜಗಳ ತೆಗೆಯೋದು ಬೇಡ. ದಿನದ ಬಳಕೆಯಲ್ಲಿ, ವಾಟ್ಸ್‌ಆ್ಯಪ್ ಓದುವಾಗಲೂ ಕಂಡರೆ ಮಾತ್ರ ಬೇರೆ ಪೀಸ್ ಕೇಳಬೇಕು.

ಬಿಲ್ ಇಲ್ಲದೆ ಇದ್ಯಾವುದೂ ನಡೆಯೋದು ಕಷ್ಟ. ನೂರಿನ್ನೂರು ಕಡಿಮೆ ಆಗ್ತದಂತ ಬಿಲ್ ಬಿಡುವವರು ನೆನಪಿಡಬೇಕಾದ್ದು ಇದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರೋದೇ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಮಾಲನ್ನು ಬಿಲ್‌ನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆಯದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ನಿರಾಕರಿಸೋದೂ ಅದೇ ಪಟ್ಟಿಗೆ ಬರುತ್ತದೆ. ಮಾತುಕತೆಯಲ್ಲಿ ಮುಗಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲು 2 ವರ್ಷ ಅವಕಾಶವಿದೆ, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ.

ಅಂಗಡಿಯವರಿಗೂ ಒಂದು ಅನುಕೂಲ ಇದೆ. ಗಿರಾಕಿ ಎದುರೇ ಬೂದು ಸ್ಕ್ರೀನ್ ತೋರಿಸಿ, 'ನೋಡಿ ಒಪ್ಪಿದ್ದೇನೆ' ಅಂತ ಬಿಲ್ ಮೇಲೆ ಸಹಿ ಹಾಕಿಸಿಕೊಂಡರೆ ಮರುದಿನದ ವಾದ ಅರ್ಧಕ್ಕರ್ಧ ತಪ್ಪುತ್ತದೆ.