ಸಂಪೂರ್ಣ ಹೊಸ ಇಂಜಿನು: ಮಾತೆಷ್ಟು, ಲೋಹವೆಷ್ಟು?

ರಾಣೆಬೆನ್ನೂರಿಗೆ ಸಮೀಪದ ದೇವರಗುಡ್ಡದಲ್ಲಿ ಪ್ರತಿವರ್ಷವೂ ಮಹಾನವಮಿಯ ಸಂದರ್ಭದಲ್ಲಿ ಮಾಲತೇಶ ಸ್ವಾಮಿಯ ಕಾರಣಿಕ ನಡೆಯುತ್ತದೆ. ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ನೆರೆದ ಜನಸ್ತೋಮವೆಲ್ಲ ನಿಶ್ಶಬ್ದವಾಗುತ್ತದೆ. ಆತನು ನುಡಿಯುವುದು ಒಂದೇ ಒಂದು ವಾಕ್ಯ. ಮಳೆ ಬೆಳೆಗಳಿಗೂ ರಾಜಕೀಯಕ್ಕೂ ಅದನ್ನು ಅನ್ವಯಿಸಿ ಜನರು ಬಹುಕಾಲ ಅರ್ಥವಿವರಣೆ ಮಾಡುತ್ತಾರೆ. ಆಯುಧಪೂಜೆಯೂ ಅದೇ ಹಬ್ಬದ ಅಂಗವಲ್ಲವೇ? ಆ ದಿನ ನಾಡಿನ ಮೋಟಾರು ಗಾಡಿಗಳೆಲ್ಲ ಚೆಂಡುಹೂವಿನ ಮಾಲೆ ಧರಿಸಿ ನಿಲ್ಲುತ್ತವೆ; ಚಕ್ರಗಳ ಕೆಳಗೆ ನಿಂಬೆಹಣ್ಣುಗಳು ಒಡೆಯುತ್ತವೆ. ಹೊಸ ಗಾಡಿಯನ್ನು ಕೊಳ್ಳುವವರಿಗೂ ಅದು ಶುಭಕಾಲ. ಆದುದರಿಂದಲೇ ಆ ದಿನಗಳ ಪತ್ರಿಕೆಗಳಲ್ಲಿ ಬೇರೊಂದು ಬಗೆಯ ಏಕವಾಕ್ಯವನ್ನೂ ನಾವು ಕಾಣುತ್ತೇವೆ: ‘ಸಂಪೂರ್ಣ ಹೊಸ, ಮಹಾಶಕ್ತಿಯ ಇಂಜಿನು!’

ಕಾರಣಿಕವು ಶ್ರದ್ಧೆಯ ವಿಷಯ. ಅದು ಭೌತಶಾಸ್ತ್ರದ ಪರೀಕ್ಷೆಗೆ ಒಳಪಡತಕ್ಕದ್ದಲ್ಲ. ಆದರೆ ಜಾಹೀರಾತಿನ ವಾಕ್ಯವು ಒಂದು ಯಂತ್ರವನ್ನು ಕುರಿತದ್ದು. ಯಂತ್ರಕ್ಕೆ ಅಳತೆಯುಂಟು, ತೂಕವುಂಟು, ಲೆಕ್ಕವುಂಟು. ಸಾಲ ಮಾಡಿ ಬಾಡಿಗೆಯ ಕಾರನ್ನು ಕೊಳ್ಳುವ ಕುಟುಂಬವು ‘ಹೊಸ’ ಎಂಬ ಎರಡಕ್ಷರಕ್ಕೂ ಹಣ ತೆರುತ್ತದೆ. ಆ ಎರಡಕ್ಷರದ ಹಿಂದೆ ನಿಜವಾಗಿಯೂ ಹೊಸ ಲೋಹವಿದೆಯೇ, ಅಥವಾ ಬರಿಯ ಮಾತಿದೆಯೇ ಎಂಬುದನ್ನು ನೋಡೋಣ.

ಮೋಟಾರು ಗಾಡಿಯ ಇಂಜಿನು ಒಂದು ಅಂತರ್ದಹನ ಯಂತ್ರ. ಸಿಲಿಂಡರಿನೊಳಗೆ ಇಂಧನವು ಗಾಳಿಯೊಡನೆ ಸೇರಿ ಉರಿದಾಗ ಅನಿಲಗಳು ಹಿಗ್ಗಿ ಪಿಸ್ಟನ್ನನ್ನು ತಳ್ಳುತ್ತವೆ. ಸಿಲಿಂಡರಿನ ವ್ಯಾಸವೂ ಪಿಸ್ಟನ್ನು ಚಲಿಸುವ ದೂರವೂ ಗೊತ್ತಿದ್ದರೆ ಅದರ ಗಾತ್ರವನ್ನು ಯಾವ ವಿದ್ಯಾರ್ಥಿಯೂ ಲೆಕ್ಕಹಾಕಬಲ್ಲನು. ಈ ಎರಡು ಅಳತೆಗಳು ಇಂಜಿನಿನ ಜಾತಕವಿದ್ದಂತೆ. ಹೆಸರು ಬದಲಾಗಬಹುದು, ಮುಚ್ಚಳದ ಬಣ್ಣ ಬದಲಾಗಬಹುದು. ಇವು ಸುಲಭವಾಗಿ ಬದಲಾಗುವುದಿಲ್ಲ.

ಏಕೆಂದರೆ ಹೊಸ ಇಂಜಿನನ್ನು ಮಾಡುವುದೆಂದರೆ ಅದನ್ನು ಮಾಡುವ ಯಂತ್ರಗಳನ್ನೂ ಹೊಸದಾಗಿ ಅಣಿಗೊಳಿಸಬೇಕು. ರಾಣೆಬೆನ್ನೂರಿನ ಕಡೆಯಿಂದ ತುಂಗಭದ್ರೆಯನ್ನು ದಾಟಿದರೆ ಸಿಗುವ ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಹಲವು ದಶಕಗಳ ಕಾಲ ಲೇತುಗಳನ್ನು ನಿರ್ಮಿಸಿತು. ಅಂಥ ಯಂತ್ರಗಳ ಬಳಿ ದುಡಿದವರಿಗೆ ಇದು ಚೆನ್ನಾಗಿ ಗೊತ್ತು: ಎರಕದ ಅಚ್ಚು, ಸಿಲಿಂಡರನ್ನು ಕೊರೆಯುವ ಯಂತ್ರಗಳ ಸಾಲು, ಸೂಕ್ಷ್ಮ ಅಳತೆಯ ಸಾಧನಗಳು, ಇವೆಲ್ಲ ಅಪಾರ ವೆಚ್ಚದ ಬಾಬುಗಳು. ಆದುದರಿಂದ ತಯಾರಕರು ಹಳೆಯ ಇಂಜಿನಿನ ಮೂಲವನ್ನು ಉಳಿಸಿಕೊಂಡು ಅಲ್ಲಲ್ಲಿ ಪರಿಷ್ಕರಿಸುವುದೇ ವಾಡಿಕೆ. ಇದರಲ್ಲಿ ಮೋಸವೇನೂ ಇಲ್ಲ. ಪರಿಷ್ಕರಣವನ್ನು ನವಸೃಷ್ಟಿ ಎಂದು ಸಾರಿದಾಗ ಮಾತ್ರ ಪ್ರಶ್ನೆ ಏಳುತ್ತದೆ.

ಹೆಸರು ಹೊಸದು, ಇಂಜಿನು ಹಳೆಯದು ಎಂಬುದಕ್ಕೆ ನಮ್ಮ ದೇಶದ ಅಂಬಾಸಿಡರ್ ಕಾರೇ ಪ್ರಸಿದ್ಧ ನಿದರ್ಶನ. 1957ರಲ್ಲಿ ಆರಂಭವಾದ ಈ ಕಾರಿಗೆ ಕೆಲವೇ ವರ್ಷಗಳಲ್ಲಿ 1489 ಘನ ಸೆಂಟಿಮೀಟರಿನ ಇಂಜಿನು ಬಂದಿತು. ಮುಂದೆ ಮಾರ್ಕ್ 2, ಮಾರ್ಕ್ 3, ಮಾರ್ಕ್ 4 ಎಂದು ಹೆಸರುಗಳು ಬೆಳೆದವು. ಮುಂಭಾಗದ ಜಾಲರಿಯೂ ಒಳಗಿನ ಅಲಂಕಾರವೂ ಬದಲಾದವು. ಪೆಟ್ರೋಲ್ ಇಂಜಿನು ಮಾತ್ರ ಅದೇ ಉಳಿಯಿತು. 1990ರ ದಶಕದ ಆರಂಭದಲ್ಲಿ ಜಪಾನಿನ ಇಸುಜು ಸಂಸ್ಥೆಯ 1.8 ಲೀಟರಿನ ಇಂಜಿನನ್ನು ಅಳವಡಿಸಿದಾಗಲೇ ಆ ಹಳೆಯ ಮೈಯೊಳಗೆ ಹೊಸ ಹೃದಯ ಬಂದಂತಾಯಿತು.

ಇದಕ್ಕೆ ಪ್ರತಿಯಾಗಿ, ಒಂದೇ ಇಂಜಿನಿಗೆ ಹಲವು ಹೆಸರುಗಳಿದ್ದುದೂ ಉಂಟು. ಇಟಲಿಯ ಫಿಯಟ್ ಸಂಸ್ಥೆಯ 1248 ಘನ ಸೆಂಟಿಮೀಟರಿನ ಡೀಸೆಲ್ ಇಂಜಿನು 2003ರಲ್ಲಿ ಯುರೋಪಿನಲ್ಲಿ ಬಳಕೆಗೆ ಬಂದಿತು. ಭಾರತದಲ್ಲಿ ಫಿಯಟ್ ಅದನ್ನು ಮಲ್ಟಿಜೆಟ್ ಎಂದಿತು, ಮಾರುತಿ ಸುಜುಕಿ ಡಿಡಿಐಎಸ್ ಎಂದಿತು, ಟಾಟಾ ಕ್ವಾಡ್ರಾಜೆಟ್ ಎಂದಿತು. ಮೂರು ಅಂಗಡಿಗಳಲ್ಲಿಯೂ ಸಿಲಿಂಡರಿನ ವ್ಯಾಸ 69.6 ಮಿಲಿಮೀಟರ್, ಪಿಸ್ಟನ್ನಿನ ಚಲನೆ 82 ಮಿಲಿಮೀಟರ್. ಜಾತಕ ಒಂದೇ, ನಾಮಕರಣ ಮಾತ್ರ ಮೂರು.

ಈಗ ಕರ್ನಾಟಕದಲ್ಲಿಯೇ ತಯಾರಾದ ಒಂದು ಗಾಡಿಯನ್ನು ಪರೀಕ್ಷಿಸೋಣ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 2005ರಲ್ಲಿ ಹೊರಬಂದ ಇನ್ನೋವಾ ನಮ್ಮ ಬಾಡಿಗೆ ವಾಹನಗಳ ಲೋಕದಲ್ಲಿ ಮನೆಮಾತಾಯಿತು. ಅದರ ಡೀಸೆಲ್ ಇಂಜಿನಿನ ಗಾತ್ರ 2494 ಘನ ಸೆಂಟಿಮೀಟರ್. ಸಾಮರ್ಥ್ಯ 102 ಅಶ್ವಶಕ್ತಿ. ಟಾರ್ಕ್ ಎಂದು ಕರೆಯಲ್ಪಡುವ ತಿರುಗಿಸುವ ಬಲ 200 ನ್ಯೂಟನ್ ಮೀಟರ್. 2016ರಲ್ಲಿ ಇನ್ನೋವಾ ಕ್ರಿಸ್ಟಾ ಬಂದಿತು. ಅದರ ಇಂಜಿನು 2393 ಘನ ಸೆಂಟಿಮೀಟರ್. ಸಾಮರ್ಥ್ಯ 150 ಅಶ್ವಶಕ್ತಿ. ಟಾರ್ಕ್ 343 ನ್ಯೂಟನ್ ಮೀಟರ್. ಗಾತ್ರ ಕಿರಿದಾಯಿತು, ಬಲ ಹಿರಿದಾಯಿತು! ಇಂಜಿನು ಹೊಸದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎಂದು ಮಾರಾಟಗಾರನು ಕೇಳಬಹುದು.

ಅವಸರ ಬೇಡ. ಟಾರ್ಕ್ ಮತ್ತು ಗಾತ್ರ ಗೊತ್ತಿದ್ದರೆ ಸಿಲಿಂಡರಿನೊಳಗಿನ ಸರಾಸರಿ ಕಾರ್ಯಕಾರಿ ಒತ್ತಡವನ್ನು ಕಂಡುಹಿಡಿಯಬಹುದು. ಹಳೆಯ ಇನ್ನೋವಾದಲ್ಲಿ ಅದು ವಾಯುಮಂಡಲದ ಒತ್ತಡದ ಸುಮಾರು 10 ಪಟ್ಟು, ಕ್ರಿಸ್ಟಾದಲ್ಲಿ ಸುಮಾರು 18 ಪಟ್ಟು. ಒಂದೇ ಗಾತ್ರದ ಸಿಲಿಂಡರಿನಲ್ಲಿ ಇಷ್ಟು ಹೆಚ್ಚಿನ ಒತ್ತಡವನ್ನು ಪಡೆಯಲು ಹೆಚ್ಚು ಇಂಧನ ಉರಿಯಬೇಕು. ಹೆಚ್ಚು ಇಂಧನಕ್ಕೆ ಹೆಚ್ಚು ಗಾಳಿ ಬೇಕು. ಆ ಗಾಳಿಯನ್ನು ಒತ್ತಿ ತುಂಬುವುದು ಟರ್ಬೋ ಎಂಬ ಸಾಧನ. ಹೊರಹೋಗುವ ಬಿಸಿ ಅನಿಲದ ರಭಸದಿಂದಲೇ ತಿರುಗುವ ಒಂದು ಚಕ್ರವು ಒಳಬರುವ ಗಾಳಿಯನ್ನು ಒತ್ತುತ್ತದೆ. ಒತ್ತಿದ ಗಾಳಿಯನ್ನು ತಂಪು ಮಾಡಿದರೆ ಅದು ಇನ್ನೂ ಸಾಂದ್ರವಾಗುತ್ತದೆ. ಹಾಗಾದರೆ ಹಳೆಯ ಇಂಜಿನಿಗೇ ಉತ್ತಮವಾದ ಟರ್ಬೋವನ್ನೂ ಗಾಳಿಯನ್ನು ತಣಿಸುವ ಸಾಧನವನ್ನೂ ಜೋಡಿಸಿದರೆ ಏನಾಗುತ್ತದೆ?

ಇದಕ್ಕೆ ಉತ್ತರ 2012ರಲ್ಲಿಯೇ ದೊರೆತಿತ್ತು. ಅದೇ ಸಂಸ್ಥೆಯ ಫಾರ್ಚುನರ್ ಗಾಡಿಯಲ್ಲಿ ಅದೇ 2494 ಘನ ಸೆಂಟಿಮೀಟರಿನ ಇಂಜಿನು 144 ಅಶ್ವಶಕ್ತಿಯನ್ನೂ 343 ನ್ಯೂಟನ್ ಮೀಟರ್ ಟಾರ್ಕನ್ನೂ ಕೊಟ್ಟಿತು. ಎಂದರೆ 102ರಿಂದ 150ಕ್ಕೆ ಏರಿದ 48 ಅಶ್ವಶಕ್ತಿಗಳಲ್ಲಿ 42ನ್ನು ಹಳೆಯ ಇಂಜಿನಿನಿಂದಲೇ ಪಡೆಯಲು ಸಾಧ್ಯವಿತ್ತು. ಟಾರ್ಕಿನಲ್ಲಂತೂ ವ್ಯತ್ಯಾಸವೇ ಇಲ್ಲ. ಬ್ಯಾಡಗಿ ಮೆಣಸಿನಕಾಯಿ ಕಡುಗೆಂಪಾದರೂ ಅದರ ಖಾರ ಸೌಮ್ಯವೆಂಬುದನ್ನು ಈ ಸೀಮೆಯವರು ಬಲ್ಲರು. ಬಣ್ಣದಿಂದ ಖಾರವನ್ನು ಅಳೆಯಲಾಗದಂತೆಯೇ ಅಶ್ವಶಕ್ತಿಯಿಂದ ಇಂಜಿನಿನ ಹೊಸತನವನ್ನು ಅಳೆಯಲಾಗದು.

ಹಾಗಾದರೆ ಕ್ರಿಸ್ಟಾದ ಇಂಜಿನು ಹೊಸದಲ್ಲವೇ? ಜಾತಕವನ್ನು ನೋಡೋಣ. ಹಳೆಯದರಲ್ಲಿ ಸಿಲಿಂಡರಿನ ವ್ಯಾಸ 92 ಮಿಲಿಮೀಟರ್, ಹೊಸದರಲ್ಲಿಯೂ 92 ಮಿಲಿಮೀಟರ್. ಪಿಸ್ಟನ್ನಿನ ಚಲನೆ ಮಾತ್ರ 93.8ರಿಂದ 90ಕ್ಕೆ ಇಳಿದಿದೆ. ಇಷ್ಟನ್ನೇ ನೋಡಿ ‘ಇದು ಹಳೆಯದೇ’ ಎಂದು ತೀರ್ಪು ಕೊಡುವುದೂ ತಪ್ಪು. 2015ರಲ್ಲಿ ಟೊಯೋಟಾ ಪ್ರಕಟಿಸಿದ ಜಿಡಿ ಎಂಬ ಕುಲಕ್ಕೆ ಸೇರಿದ ಈ ಇಂಜಿನಿನಲ್ಲಿ ಕವಾಟಗಳನ್ನು ನಡೆಸಲು ಹಳೆಯದರ ಪಟ್ಟಿಯ ಬದಲು ಸರಪಳಿ ಬಂದಿದೆ. ದಹನಕೋಷ್ಠ, ಟರ್ಬೋ, ಇಂಧನವನ್ನು ಸಿಂಪಡಿಸುವ ವ್ಯವಸ್ಥೆ ಎಲ್ಲವೂ ಬೇರೆ. ಅದೇ ಕುಲದ 2.8 ಲೀಟರಿನ ಇಂಜಿನಿನಲ್ಲಿ ಪಿಸ್ಟನ್ನಿನ ತಲೆಗೆ ಉಷ್ಣವನ್ನು ತಡೆಯುವ ಸೂಕ್ಷ್ಮರಂಧ್ರಗಳ ತೆಳು ಲೇಪನವಿದೆ. ಅದರ ಗರಿಷ್ಠ ಉಷ್ಣದಕ್ಷತೆ ಶೇಕಡ 44 ಎಂದು ಸಂಸ್ಥೆ ಸಾರಿತು. ಎಂದರೆ ಅತ್ಯುತ್ತಮ ಸ್ಥಿತಿಯಲ್ಲಿಯೂ ಇಂಧನದ ಶಕ್ತಿಯಲ್ಲಿ ನೂರಕ್ಕೆ 56 ಪಾಲು ಬಿಸಿಯಾಗಿ ಪೋಲಾಗುತ್ತದೆ! ಇಂಜಿನಿಯರುಗಳು ಹೋರಾಡುತ್ತಿರುವುದು ಈ ಪೋಲಿನೊಡನೆ.

ನಿಜವಾದ ಹೊಸತನ ಇಲ್ಲಿದೆ, ಆದರೆ ಜಾಹೀರಾತು ತೋರಿಸುವ ಕಡೆಯಲ್ಲಿ ಅಲ್ಲ. ಇಂಥ ಹೊಸತನಕ್ಕೆ ಪ್ರೇರಕವಾದುದು ವೇಗದ ಹಂಬಲ ಮಾತ್ರವಲ್ಲ. ಶುದ್ಧ ಗಾಳಿಯನ್ನು ಕುರಿತ ಕಾನೂನು ಅದಕ್ಕಿಂತ ಬಲವಾದ ಪ್ರೇರಣೆ. 2017ರ ಏಪ್ರಿಲಿನಿಂದ ದೇಶದಾದ್ಯಂತ ಭಾರತ್ ಸ್ಟೇಜ್ 4, 2020ರ ಏಪ್ರಿಲಿನಿಂದ ಭಾರತ್ ಸ್ಟೇಜ್ 6 ನಿಯಮಗಳು ಜಾರಿಗೆ ಬಂದವು. ಸಾಮಾನ್ಯ ಡೀಸೆಲ್ ಕಾರು ಒಂದು ಕಿಲೋಮೀಟರಿಗೆ ಹೊರಸೂಸಬಹುದಾದ ನೈಟ್ರೋಜನ್ ಆಕ್ಸೈಡುಗಳ ಮಿತಿ 250 ಮಿಲಿಗ್ರಾಮಿನಿಂದ 80ಕ್ಕೆ ಇಳಿಯಿತು. ಮೂರು ಹೆಸರುಗಳಿಂದ ಮೆರೆದ ಆ 1248 ಘನ ಸೆಂಟಿಮೀಟರಿನ ಇಂಜಿನು ನಮ್ಮ ದೇಶದಲ್ಲಿ ನಿವೃತ್ತಿ ಹೊಂದಿದುದೂ ಈ ಹೊಸ್ತಿಲಿನಲ್ಲಿಯೇ.

ಇನ್ನು, ಜಾಹೀರಾತಿನ ಮಹಾಶಕ್ತಿ ನಮಗೆಷ್ಟು ಬೇಕು? ಜನರನ್ನು ತುಂಬಿಕೊಂಡ 2400 ಕಿಲೋಗ್ರಾಮ್ ತೂಕದ ಗಾಡಿಯು ಹತ್ತು ಮೀಟರಿಗೆ ಒಂದು ಮೀಟರಿನಂತೆ ಏರುವ ಗುಡ್ಡದ ಹಾದಿಯನ್ನು ಗಂಟೆಗೆ 36 ಕಿಲೋಮೀಟರ್ ವೇಗದಿಂದ ಹತ್ತುತ್ತದೆ ಎಂದಿಟ್ಟುಕೊಳ್ಳೋಣ. ಭಾರವನ್ನು ಮೇಲೆತ್ತಲು ಬೇಕಾದ ಶಕ್ತಿ ಸುಮಾರು 23.5 ಕಿಲೋವಾಟ್, ಎಂದರೆ 32 ಅಶ್ವಶಕ್ತಿ. ಗಾಳಿಯ ಮತ್ತು ರಸ್ತೆಯ ತಡೆಗೆ ಇನ್ನಷ್ಟು ಸೇರಿಸಿದರೂ ಹಳೆಯ 102 ಅಶ್ವಶಕ್ತಿಯೇ ಧಾರಾಳ. ಏರಿನಲ್ಲಿ ಚಾಲಕನಿಗೆ ಹಿತವೆನಿಸುವುದು ಗರಿಷ್ಠ ಅಶ್ವಶಕ್ತಿಯಲ್ಲ. ಕಡಮೆ ವೇಗದಲ್ಲಿಯೇ ದೊರೆಯುವ ಟಾರ್ಕ್. ಕ್ರಿಸ್ಟಾದಲ್ಲಿ ಅದು ನಿಮಿಷಕ್ಕೆ 1400 ಸುತ್ತುಗಳಿಂದಲೇ ಪೂರ್ಣವಾಗಿ ಒದಗುತ್ತದೆ. ಜಾಹೀರಾತಿನ ದೊಡ್ಡ ಅಂಕಿಗಿಂತ ವಿವರಪಟ್ಟಿಯ ಈ ಚಿಕ್ಕ ಅಂಕಿ ಹೆಚ್ಚು ಬೆಲೆಯುಳ್ಳದ್ದು.

ಕೊನೆಯದಾಗಿ ಒಂದು ಗಂಭೀರವಾದ ಪ್ರಶ್ನೆ: ಈ ಅಂಕಿಗಳನ್ನು ಅಳೆದವರು ಯಾರು? ಇಂಜಿನನ್ನು ಡೈನಮೋಮೀಟರ್ ಎಂಬ ಉಪಕರಣಕ್ಕೆ ಜೋಡಿಸಿ, ಅದರ ತಿರುಗುವಿಕೆಗೆ ತಡೆಯೊಡ್ಡಿ, ಟಾರ್ಕನ್ನು ಅಳೆಯುತ್ತಾರೆ. ಆದರೆ ಈಗಿನ ಇಂಜಿನು ಬರಿಯ ಲೋಹವಲ್ಲ. ಎಷ್ಟು ಇಂಧನವನ್ನು ಯಾವ ಕ್ಷಣದಲ್ಲಿ ಸಿಂಪಡಿಸಬೇಕೆಂದು ನಿರ್ಧರಿಸುವುದು ಒಂದು ಪುಟ್ಟ ಗಣಕಯಂತ್ರ. 2024ರ ಜನವರಿಯಲ್ಲಿ ಜಪಾನಿನ ಟೊಯೋಟಾ ಇಂಡಸ್ಟ್ರೀಸ್ ಸಂಸ್ಥೆಯ ಕುರಿತ ತನಿಖೆಯೊಂದು ಬಹಿರಂಗವಾಯಿತು. ಜಿಡಿ ಕುಲದವೂ ಸೇರಿದಂತೆ ಕೆಲವು ಡೀಸೆಲ್ ಇಂಜಿನುಗಳ ಸಾಮರ್ಥ್ಯವನ್ನು ಪ್ರಮಾಣಪತ್ರಕ್ಕಾಗಿ ಅಳೆಯುವಾಗ, ಮಾರಾಟದ ಇಂಜಿನುಗಳಲ್ಲಿರುವುದಕ್ಕಿಂತ ಭಿನ್ನವಾದ ತಂತ್ರಾಂಶವನ್ನು ಬಳಸಲಾಗಿತ್ತು. ಇದರಿಂದ ಫಲಿತಾಂಶಗಳು ಏರುಪೇರಿಲ್ಲದೆ ನಯವಾಗಿ ಕಂಡಿದ್ದವು. ಬೆಂಗಳೂರಿನ ಸಮೀಪದ ಜಿಗಣಿಯಲ್ಲಿ ಜಿಡಿ ಇಂಜಿನುಗಳು ತಯಾರಾಗುವುದರಿಂದ ಸುದ್ದಿ ನಮ್ಮ ನಾಡನ್ನೂ ತಟ್ಟಿತು. ಕ್ರಿಸ್ಟಾ, ಫಾರ್ಚುನರ್, ಹೈಲಕ್ಸ್ ಗಾಡಿಗಳ ರವಾನೆಯನ್ನು ಕೆಲಕಾಲ ತಡೆಹಿಡಿಯಲಾಯಿತು. ಫೆಬ್ರುವರಿಯಲ್ಲಿ ಅದು ಪುನಃ ಆರಂಭವಾಯಿತು. ತಯಾರಾದ ಇಂಜಿನುಗಳನ್ನು ಮರುಪರಿಶೀಲಿಸಿದಾಗ ಅವು ನಿಗದಿತ ಸಾಮರ್ಥ್ಯವನ್ನು ಪೂರೈಸಿವೆ ಎಂದು ಟೊಯೋಟಾ ತಿಳಿಸಿತು. ಹಾಗಿದ್ದರೂ ಇದರಲ್ಲೊಂದು ಪಾಠವಿದೆ. ಪರೀಕ್ಷೆಗೆ ಕುಳಿತ ಇಂಜಿನೂ ಕೊಂಡವನ ಮನೆಗೆ ಬರುವ ಇಂಜಿನೂ ಒಂದೇ ಆಗಿರಬೇಕು. ಉತ್ತರ ಸರಿಯಾಗಿದ್ದರೂ ವಿಧಾನ ಸರಿಯಿಲ್ಲದಿದ್ದರೆ ವಿಜ್ಞಾನದಲ್ಲಿ ಅದಕ್ಕೆ ಅಂಕವಿಲ್ಲ.

ಆದುದರಿಂದ ‘ಸಂಪೂರ್ಣ ಹೊಸ ಇಂಜಿನು’ ಎಂಬ ಮಾತು ಸದಾ ಸುಳ್ಳೂ ಅಲ್ಲ, ಸದಾ ನಿಜವೂ ಅಲ್ಲ. ಅದನ್ನು ಕೇಳಿದಾಗ ನಾಲ್ಕು ಪ್ರಶ್ನೆಗಳನ್ನು ಹಾಕಬೇಕು. ಸಿಲಿಂಡರಿನ ವ್ಯಾಸವೂ ಪಿಸ್ಟನ್ನಿನ ಚಲನೆಯೂ ಎಷ್ಟು? ಹಳೆಯದಕ್ಕೆ ಹೋಲಿಸಿದರೆ ಯಾವ ಭಾಗಗಳು ಬದಲಾಗಿವೆ? ಟಾರ್ಕ್ ಯಾವ ವೇಗದಿಂದ ಯಾವ ವೇಗದವರೆಗೆ ದೊರೆಯುತ್ತದೆ? ಅಳೆದವರು ಯಾರು, ಹೇಗೆ ಅಳೆದರು? ಇವುಗಳಲ್ಲಿ ಮೊದಲ ಮೂರಕ್ಕೆ ಉತ್ತರವನ್ನು ವಿವರಪಟ್ಟಿ, ಪೆನ್ಸಿಲು, ಪ್ರೌಢಶಾಲೆಯ ಗಣಿತ ಇಷ್ಟರಿಂದಲೇ ಬಹುಮಟ್ಟಿಗೆ ಪಡೆಯಬಹುದು. ನಾಲ್ಕನೆಯದಕ್ಕೆ ಪ್ರಾಮಾಣಿಕ ತಯಾರಕರೂ ಎಚ್ಚರವುಳ್ಳ ಸರಕಾರವೂ ಬೇಕು; ಪ್ರಶ್ನಿಸಲು ಹಿಂಜರಿಯದ ಪ್ರಜೆಗಳಂತೂ ಬೇಕೇ ಬೇಕು.