ಸೈತಾನಿಯ ಸಿಗಡಿ

ಮೆಕ್ಸಿಕೊ ದೇಶದ ಪೆಸಿಫಿಕ್ ಕರಾವಳಿಯವರಿಗೆ ಅಚ್ಚುಮೆಚ್ಚಾದ ಸಿಗಡಿಯ ಖಾದ್ಯವೊಂದುಂಟು. ಅದರ ಹೆಸರು ‘ಕಾಮರೋನೆಸ್ ಆ ಲಾ ದಿಯಾಬ್ಲಾ’. ಸ್ಪ್ಯಾನಿಷ್ ನುಡಿಯಲ್ಲಿ ‘ದಿಯಾಬ್ಲಾ’ ಎಂದರೆ ಹೆಣ್ಣು ಸೈತಾನ. ಗಂಡು ಸೈತಾನನನ್ನು ಬಿಟ್ಟು ಹೆಣ್ಣಿಗೇ ಈ ಕೀರ್ತಿ ಏಕೆ ಸಂದಿತೋ! ಹೆಸರಿಟ್ಟವನು ಒಲೆಯ ಮುಂದೆ ನಿಂತವನಲ್ಲ, ಎಲೆಯ ಮುಂದೆ ಕುಳಿತ ಗಂಡಸು ಎಂದು ನನ್ನ ಊಹೆ.

ನನ್ನ ತಮ್ಮ ಆ ದೇಶದ ಗ್ವಾದಲಹಾರ ನಗರದಲ್ಲಿ ಉದ್ಯೋಗಿ. ನಾಲ್ಕು ವರ್ಷಗಳ ಮೇಲೆ ಕುಮಟೆಯ ಮನೆಗೆ ಬಂದವನು ಎರಡು ಪೊಟ್ಟಣ ಒಣಮೆಣಸಿನಕಾಯಿ ತಂದಿದ್ದ. “ಮೆಣಸಿನಕಾಯಿಗೂ ಪರದೇಶಕ್ಕೆ ಹೋಗಬೇಕಾಯಿತೆ?” ಎಂದು ಅಮ್ಮ ನಕ್ಕರು.

ಅವರ ಪ್ರಶ್ನೆಗೆ ಉತ್ತರ ಅವರು ಆಡಿದ ಮಾತಿನಲ್ಲಿಯೇ ಅಡಗಿತ್ತು. ಮೆಣಸು ಎಂದರೆ ಕನ್ನಡಕ್ಕೆ ಮೊದಲು ಬಳ್ಳಿಯ ಮೆಣಸು. ಮೆಕ್ಸಿಕೊದಲ್ಲಿ ಹುಟ್ಟಿ, ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಿಂದ ನಮ್ಮ ಪಶ್ಚಿಮ ತೀರಕ್ಕೆ ಇಳಿದ ಹೊಸ ಕಾಯಿಗೆ ಹಿರಿಯರು ಹಳೆಯ ಖಾರದ ಹೆಸರನ್ನೇ ತೊಡಿಸಿ ಒಳಗೆ ಕರೆದುಕೊಂಡರು. ಸ್ಪೇನಿನವರು ಮಾಡಿದ್ದೂ ಇದನ್ನೇ. ಅವರ ‘ಪಿಮಿಯೆಂತ’ ಮೆಣಸು, ‘ಪಿಮಿಯೆಂತೊ’ ಮೆಣಸಿನಕಾಯಿ. ನಮ್ಮಲ್ಲಿ ಅತಿಥಿಯೇ ಯಜಮಾನನಾಗಿ, ಮೂಲದ ಮೆಣಸು ಈಗ ‘ಕರಿ’ ಎಂದೋ ‘ಕಾಳು’ ಎಂದೋ ವಿಶೇಷಣ ಹೊತ್ತು ನಿಲ್ಲಬೇಕಾಗಿದೆ. ಮೆಕ್ಸಿಕೊದ ಮೂಲನಿವಾಸಿಗಳ ನವಾತ್ಲ್ ನುಡಿಯ ‘ಚಿಲ್ಲಿ’ ಮಾತ್ರ ಇಂಗ್ಲಿಷಿನಲ್ಲಿ ಉಳಿದುಕೊಂಡಿತು.

ಪೊಟ್ಟಣಗಳಲ್ಲಿದ್ದುದು ಎರಡು ಜಾತಿ. ‘ಗ್ವಾಹಿಯೊ’ ಉದ್ದವಾಗಿ, ನುಣುಪಾಗಿ, ಕಡುಗೆಂಪಾಗಿದ್ದು ಬಣ್ಣ ಹೆಚ್ಚು, ಖಾರ ಕಡಮೆ. ‘ಚಿಲೆ ದೆ ಆರ್ಬೊಲ್’ ಕಿರುಬೆರಳಿಗಿಂತ ತೆಳು. ಸೈತಾನಿ ನೆಲಸಿರುವುದು ಇದರಲ್ಲಿ. ಅರ್ಧ ಕಿಲೋ ಸಿಗಡಿಗೆ ಮೊದಲನೆಯದು ಆರು, ಎರಡನೆಯದು ನಾಲ್ಕು, ಟೊಮೇಟೊ ಎರಡು, ಅರ್ಧ ಈರುಳ್ಳಿ, ನಾಲ್ಕೆಸಳು ಬೆಳ್ಳುಳ್ಳಿ. ತೊಟ್ಟು, ಬೀಜ ಮತ್ತು ಒಳಗಿನ ಬಿಳಿಯ ನಾರನ್ನು ತೆಗೆಯಬೇಕು. ಖಾರದ ತವರು ಬೀಜವಲ್ಲ, ಆ ನಾರು.

ಬಳಿಕ ಎಣ್ಣೆಯಿಲ್ಲದ ಕಾವಲಿಯ ಮೇಲೆ ಪರಿಮಳ ಏಳುವಷ್ಟು ಹೊತ್ತು ಮಾತ್ರ ಬಾಡಿಸಬೇಕು. ಆ ಕೆಲಸ ನನ್ನ ಪಾಲಿಗೆ ಬಂತು. ನವಾತ್ಲ್ ಪದಗಳ ವಿಚಾರವಾಗಿ ವ್ಯಾಖ್ಯಾನ ಮಾಡುತ್ತ ನಿಂತೆ; ಗ್ವಾಹಿಯೊ ಕರಕಾಯಿತು, ಮನೆಯೆಲ್ಲ ಕೆಮ್ಮಿತು. ಕರಕಾದ ಮೆಣಸಿನಕಾಯಿ ಕಹಿ; ಬಿಸಾಡುವುದಲ್ಲದೆ ಗತ್ಯಂತರವಿಲ್ಲ. ತಮ್ಮ ಒಂದು ಮಾತೂ ಆಡಲಿಲ್ಲ. ಏಳು ಸಮುದ್ರ ದಾಟಿಸಿ ತಂದುದನ್ನು ಅಣ್ಣ ಎರಡು ನಿಮಿಷದಲ್ಲಿ ಸುಟ್ಟಿದ್ದ.

ಅಮ್ಮ ಎದ್ದು ಹೋಗಿ ಬ್ಯಾಡಗಿಯ ಡಬ್ಬಿ ತಂದರು. “ಅದು ಇದಲ್ಲಮ್ಮ,” ಎಂದ ತಮ್ಮ. ನಿಜ, ಬ್ಯಾಡಗಿಯ ಸಿಪ್ಪೆ ಸುಕ್ಕು, ಅದರ ಪರಿಮಳವೇ ಬೇರೆ. ಆದರೆ ಬಣ್ಣ ಹೆಚ್ಚು, ಖಾರ ಕಡಮೆ ಎಂಬ ಗುಣದಲ್ಲಿ ಎರಡೂ ದಾಯಾದಿಗಳು.

ಬಾಡಿಸಿದ್ದನ್ನು ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿ, ಸುಟ್ಟ ಟೊಮೇಟೊ, ಈರುಳ್ಳಿ, ಬೆಳ್ಳುಳ್ಳಿಯೊಡನೆ ಅರೆಯಬೇಕು. ಅಲ್ಲಿಯ ಹಳೆಯ ಮನೆಗಳಲ್ಲಿ ಇದಕ್ಕೆ ‘ಮೊಲ್ಕಹೆತೆ’ ಎಂಬ ಮೂರು ಕಾಲಿನ ಕಲ್ಲುಮರಿಗೆ ಇರುತ್ತದೆ. ಅಮ್ಮ, ಮೊಣಕಾಲಿನ ನೋವಿನಿಂದ ವರ್ಷಗಳಿಂದ ಮುಟ್ಟದಿದ್ದ ಒರಳಿನ ಮುಂದೆ ಕುಳಿತೇಬಿಟ್ಟರು. “ಕಾಯಿ ಎಲ್ಲಿ?” ಎಂದು ಕೈ ಚಾಚಿದರು. ತೆಂಗಿನಕಾಯಿ ಇಲ್ಲವೆಂದಾಗ ಅವರ ಮುಖದಲ್ಲಿ ಮೂಡಿದ ಕನಿಕರ ಇಡೀ ಮೆಕ್ಸಿಕೊ ದೇಶಕ್ಕೆ ಸಲ್ಲತಕ್ಕದ್ದು.

ಸೋಸಿದ ಅರಪನ್ನು ಎಣ್ಣೆಯಲ್ಲಿ ಹತ್ತು ನಿಮಿಷ, ಬಣ್ಣ ಗಾಢವಾಗುವ ತನಕ, ಕುದಿಸಿದೆವು. ಸಿಗಡಿಯ ಸರದಿ ಕೊನೆಗೆ. ಬೆಣ್ಣೆಯಲ್ಲಿ ಮಗ್ಗುಲಿಗೊಂದು ನಿಮಿಷ, ಸಾರಿನಲ್ಲಿ ಎರಡು ನಿಮಿಷ, ಅಷ್ಟೆ. ಬೇಯುವಾಗ ಸಿಗಡಿ ಕೆಂಪೇರುವುದು ಮೆಣಸಿನಕಾಯಿಯಿಂದಲ್ಲ. ಅದರ ಮೈಯಲ್ಲೇ ಅಡಗಿದ್ದ ವರ್ಣದ್ರವ್ಯ ಕಾವಿಗೆ ಬಿಡುಗಡೆಯಾಗುತ್ತದೆ. ಕೊಕ್ಕೆಯಂತೆ ಬಾಗಿದರೆ ಹದ. ಉಂಗುರವಾಗಿ ಸುತ್ತಿಕೊಂಡರೆ ರಬ್ಬರು. ಮೇಲೆ ನಿಂಬೆಯ ರಸ, ಜೊತೆಗೆ ಬಿಳಿಯ ಅನ್ನ.

ಊಟದಲ್ಲಿ ನಾನು ನೀರು ಕುಡಿದೆ, ಉರಿ ಇಳಿಯಲಿಲ್ಲ. ಈ ಖಾರದ ಸತ್ತ್ವ ನೀರಿನಲ್ಲಿ ಕರಗುವುದಿಲ್ಲ. ಅಮ್ಮ ಮಾತಾಡದೆ ಮೊಸರಿನ ಬಟ್ಟಲನ್ನು ನನ್ನತ್ತ ಸರಿಸಿ, ತಾವು ಎರಡನೆಯ ಸಲ ಬಡಿಸಿಕೊಂಡರು.

ವಾರದ ಬಳಿಕ ತಮ್ಮ ಹೊರಟ. ಅವನ ಪೆಟ್ಟಿಗೆಯಲ್ಲಿ, ಬಟ್ಟೆಗಳ ನಡುವೆ, ಅಮ್ಮ ಕುಟ್ಟಿ ಕಟ್ಟಿಕೊಟ್ಟ ಬ್ಯಾಡಗಿಯ ಪುಡಿ ಇತ್ತು.