‘ಎ’ ಸರ್ಟಿಫಿಕೇಟ್ ಸಿಕ್ಕರೆ ಅದು ಕೆಟ್ಟ ಸಿನಿಮಾನಾ? ಪೋಲಿ ನಗೆಯನ್ನು ಅಳೆಯುವುದು ಹೇಗೆ?

ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ಸಂಜೆ ಹೊತ್ತು ಸಿನಿಮಾ ಮಾತು ಶುರುವಾದರೆ ಅದರಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಬೆರೆತಿರುತ್ತವೆ. ಆದರೆ ಡಬಲ್ ಮೀನಿಂಗ್ ಸಿನಿಮಾದ ವಿಷಯ ಬಂತೆಂದರೆ ತೀರ್ಪು ಎರಡೇ. ಒಂದು, ‘ನಕ್ಕು ನಕ್ಕು ಹೊಟ್ಟಿ ಹುಣ್ಣಾತು’. ಇನ್ನೊಂದು, ‘ಥೂ, ಮನಿಮಂದಿ ಕೂಡ ಕುಂತು ನೋಡಂಗಿಲ್ಲ’.

ನಿಜ ಹೇಳಬೇಕೆಂದರೆ ಈ ಎರಡು ಮಾತುಗಳೂ ಸಿನಿಮಾ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಮೊದಲನೆಯದು ನಾವು ಎಲ್ಲಿ ಕೂತಿದ್ದೆವು ಎಂಬುದನ್ನು ಹೇಳುತ್ತದೆ, ಎರಡನೆಯದು ಯಾರ ಪಕ್ಕ ಕೂತಿದ್ದೆವು ಎಂಬುದನ್ನು. ನಗೆಯ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ ಅಮೆರಿಕದ ವಿಜ್ಞಾನಿ ರಾಬರ್ಟ್ ಪ್ರೊವಿನ್ ಪ್ರಕಾರ, ಒಂಟಿಯಾಗಿರುವಾಗ ನಗುವುದಕ್ಕಿಂತ ಸುಮಾರು 30 ಪಟ್ಟು ಹೆಚ್ಚಾಗಿ ನಾವು ಜನರ ನಡುವೆ ಇರುವಾಗ ನಗುತ್ತೇವೆ. ತುಂಬಿದ ಥಿಯೇಟರಿನಲ್ಲಿ ಶಿಳ್ಳೆ ಬಿದ್ದ ಡೈಲಾಗು ಮನೆಯಲ್ಲಿ ಒಬ್ಬರೇ ನೋಡುವಾಗ ಸಪ್ಪೆ ಎನಿಸುವುದು ಅದಕ್ಕೇ.

ಹಾಗಾದರೆ ಸರ್ಟಿಫಿಕೇಟ್ ನೋಡಿ ನಿರ್ಧರಿಸಬಹುದಾ? ಅದೂ ಆಗದು. 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಕೊಡುವ ‘ಎ’ ಎಂದರೆ 18 ತುಂಬಿದವರು ಮಾತ್ರ ನೋಡಬಹುದು ಎಂದಷ್ಟೇ. 2023ರ ತಿದ್ದುಪಡಿ ‘ಯುಎ’ ವರ್ಗವನ್ನು 7, 13, 16 ಎಂದು ವಯಸ್ಸಿಗೆ ತಕ್ಕಂತೆ ಮೂರಾಗಿ ಒಡೆದಿದೆ. ಇವೆಲ್ಲ ವಯಸ್ಸಿನ ಲೆಕ್ಕ, ಗುಣದ ಅಂಕಪಟ್ಟಿಯಲ್ಲ. ಮಂಡಳಿಯ 1991ರ ಮಾರ್ಗಸೂಚಿಯಲ್ಲಿ ಕೀಳು ಅಭಿರುಚಿಗೆ ಒತ್ತು ಕೊಡುವ ದ್ವಂದ್ವಾರ್ಥದ ಮಾತು ಇರಬಾರದು ಎಂಬ ಸಾಲು ಇದೆ. ಅದರ ಜೊತೆಗೇ ಸಿನಿಮಾವನ್ನು ಇಡಿಯಾಗಿ ನೋಡಿ ಅದರ ಒಟ್ಟು ಪರಿಣಾಮ ಅಳೆಯಬೇಕು ಎಂಬ ಸಾಲೂ ಇದೆ. ಜಗಳವಾಡುವಾಗ ಮೊದಲನೆಯದನ್ನು ನೆನಪಿಸಿಕೊಳ್ಳುವವರೇ ಹೆಚ್ಚು.

ಪೋಲಿ ನಗೆ ಸಿನಿಮಾದವರು ತಂದಿಟ್ಟ ರೋಗ ಎಂಬ ನಂಬಿಕೆಯೂ ಇದೆ. ಬಳ್ಳಾರಿ ಸೀಮೆಯವರಾದರೂ ಇದನ್ನು ಒಪ್ಪಬಾರದು. ತೊಗಲುಗೊಂಬೆ ಆಟ ನೋಡಿದ ಹಿರಿಯರನ್ನು ಕೇಳಿ: ಪರದೆಯ ಮೇಲೆ ರಾಮಾಯಣ ನಡೆದಿರುವಾಗಲೇ ಕಿಳ್ಳೇಕ್ಯಾತ, ಬಂಗಾರಕ್ಕ ನುಗ್ಗಿ ಬರುತ್ತಾರೆ. ಅವರ ಮಾತಿನ ಮುಂದೆ ಇವತ್ತಿನ ಎಷ್ಟೋ ಡೈಲಾಗುಗಳು ಸೌಮ್ಯ. ದೊಡ್ಡವರು, ಸಣ್ಣವರು, ಹೆಂಗಸರು ಎಲ್ಲ ಕೂತು ನಗುತ್ತಿದ್ದರು. ಇನ್ನೂ ಹಿಂದಕ್ಕೆ ಹೋದರೆ, ಹಾಸ್ಯ ಹುಟ್ಟುವುದೇ ಶೃಂಗಾರದಿಂದ ಎಂದು ಭರತನ ನಾಟ್ಯಶಾಸ್ತ್ರ ಹೇಳುತ್ತದೆ.

ಕೂಡದ್ದನ್ನು ಆಡಿದರೆ ನಗು ಯಾಕೆ ಬರುತ್ತದೆ? ಪೀಟರ್ ಮೆಗ್ರಾ ಮತ್ತು ಕ್ಯಾಲೆಬ್ ವಾರೆನ್ ಎಂಬ ಸಂಶೋಧಕರು 2010ರಲ್ಲಿ ಒಂದು ವಿವರಣೆ ಕೊಟ್ಟರು. ಯಾವುದೋ ಕಟ್ಟಳೆ ಮುರಿಯಬೇಕು, ಅದೇ ಕ್ಷಣದಲ್ಲಿ ಅದರಿಂದ ಅಪಾಯವಿಲ್ಲ ಎಂದೂ ಅನಿಸಬೇಕು. ಎರಡೂ ಒಟ್ಟಿಗೆ ಆದಾಗ ನಗು ಬರುತ್ತದೆ. ಕಟ್ಟಳೆ ಮುರಿಯದಿದ್ದರೆ ಬೇಸರ, ಅಪಾಯ ಕಂಡರೆ ಅಸಹ್ಯ. ಸಾವಿನ ಜೋಕು ಒಬ್ಬನಿಗೆ ನಗೆ ತರಿಸಿ, ಹೋದ ವಾರವಷ್ಟೇ ಅಪ್ಪನನ್ನು ಕಳೆದುಕೊಂಡವನಿಗೆ ಸಿಟ್ಟು ಬರಿಸುವುದು ಇದೇ ಲೆಕ್ಕದಲ್ಲಿ. ಇಬ್ಬರಲ್ಲಿ ಯಾರದೂ ತಪ್ಪಲ್ಲ.

ಕರಾಳ ಹಾಸ್ಯಕ್ಕೆ ನಗುವವರ ಮನಸ್ಸೂ ಕ್ರೂರ ಎನ್ನುವುದು ಇನ್ನೊಂದು ನಂಬಿಕೆ. ವಿಯೆನ್ನಾದಲ್ಲಿ 156 ಜನರಿಗೆ ಇಂಥ ವ್ಯಂಗ್ಯಚಿತ್ರಗಳನ್ನು ತೋರಿಸಿ ಮಾಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅವನ್ನು ಚೆನ್ನಾಗಿ ಅರ್ಥ ಮಾಡಿಕೊಂಡು ಹೆಚ್ಚು ಇಷ್ಟಪಟ್ಟ ಗುಂಪಿನಲ್ಲಿ ಆಕ್ರಮಣಶೀಲತೆ ಕಡಿಮೆ ಇತ್ತು, ಬುದ್ಧಿಮತ್ತೆಯ ಅಂಕ ಹೆಚ್ಚಿತ್ತು. (ಇದನ್ನು ಓದಿ ಎದೆಯುಬ್ಬಿಸಬೇಡಿ, ಜನ 156, ತೋರಿಸಿದ್ದು ಬರೀ ಚಿತ್ರ.)

ಈಗ ಪರದೆಗೆ ಬರೋಣ. 2016ರಲ್ಲಿ ಸಾವನ್ನು ಪಕ್ಕದಲ್ಲಿಟ್ಟುಕೊಂಡು ನಗಿಸಿದ ಎರಡು ಕನ್ನಡ ಸಿನಿಮಾಗಳು ತೆರೆಕಂಡವು. ರಾಮ್ ರೆಡ್ಡಿ ಅವರ ‘ತಿಥಿ’ ಮಂಡ್ಯದ ಹಳ್ಳಿಯೊಂದರ ಕಥೆ. ವಿಜಯ ಪ್ರಸಾದ್ ಅವರ ‘ನೀರ್ ದೋಸೆ’ಯಲ್ಲಿ ಜಗ್ಗೇಶ್ ಹೆಣ ಸಾಗಿಸುವ ವಾಹನದ ಚಾಲಕ, ಹರಿಪ್ರಿಯಾ ವೇಶ್ಯೆ. ಎರಡರಲ್ಲೂ ಮಾತು ಹಸಿ ಹಸಿ. ಮೊದಲನೆಯದು ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ‘ಕಲಾಕೃತಿ’ ಎನಿಸಿಕೊಂಡರೆ, ಎರಡನೆಯದಕ್ಕೆ ಅಂಟಿದ್ದು ‘ಪೋಲಿ ಸಿನಿಮಾ’ ಎಂಬ ಹಣೆಪಟ್ಟಿ. ಪ್ರಶಸ್ತಿ ಬಂದರೆ ಬೈಗುಳ ಜಾನಪದವಾಗುತ್ತದೆ, ಬರದಿದ್ದರೆ ಅಶ್ಲೀಲವಾಗುತ್ತದೆ ಎನ್ನೋಣವೇ?

ನಮ್ಮ ಅಳತೆ ಬೇರೆ: ಪೋಲಿತನವನ್ನು ಕಿತ್ತು ಹಾಕಿದರೆ ಏನು ಉಳಿಯುತ್ತದೆ, ನಗೆಯ ಏಟು ಯಾರಿಗೆ ಬೀಳುತ್ತದೆ? ‘ನೀರ್ ದೋಸೆ’ಯಿಂದ ದ್ವಂದ್ವಾರ್ಥ ತೆಗೆದರೂ ಸಮಾಜ ಪಕ್ಕಕ್ಕೆ ಸರಿಸಿದ ಒಂಟಿ ಜೀವಗಳು ಒಬ್ಬರಿಗೊಬ್ಬರು ಆಸರೆಯಾಗುವ ಕಥೆ ಉಳಿಯುತ್ತದೆ. ಅದು ನಿಲ್ಲುವ ಸಿನಿಮಾ. ಆದರೂ ಕೆಲವು ಕಡೆ ಚಪ್ಪಾಳೆಗಾಗಿಯೇ ಮಾತು ಎಳೆದಂತೆ ನಮಗೆ ಅನಿಸಿತು. ಅಷ್ಟು ಅಂಕ ಕಡಿಮೆ. 1984ರಲ್ಲಿ ‘ಅನುಭವ’ ಮಾಡಿದ ಕಾಶೀನಾಥ್ ಅವರನ್ನೂ ಹೀಗೇ ಅಳೆಯಬೇಕು. ಪೋಲಿ ಎನಿಸಿಕೊಂಡ ಆ ಸಿನಿಮಾದ ಹೊಟ್ಟೆಯಲ್ಲಿದ್ದದ್ದು ಮದುವೆ ಮತ್ತು ಕಾಮದ ಬಗ್ಗೆ ನಾವು ಬಾಯಿಬಿಡದ ಅಜ್ಞಾನ.

ಇನ್ನು ‘ಬರೀ ಜೋಕು ತಾನೇ’ ಎಂಬ ಮಾತು. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಫೋರ್ಡ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೊದಲೇ ಹೆಣ್ಣಿನ ಬಗ್ಗೆ ದ್ವೇಷಭಾವ ಇದ್ದವರು ಹೆಣ್ಣನ್ನು ಹೀಯಾಳಿಸುವ ಜೋಕುಗಳನ್ನು ಓದಿದ ಮೇಲೆ ಮಹಿಳಾ ಸಂಸ್ಥೆಗೆ ಕಡಿಮೆ ಹಣ ಕೊಡಲು ಮುಂದಾದರು. ಆ ಭಾವ ಇಲ್ಲದವರಲ್ಲಿ ಈ ಪರಿಣಾಮ ಕಾಣಲಿಲ್ಲ. ಅಂದರೆ ಜೋಕು ಒಳ್ಳೆಯವನನ್ನು ಕೆಡಿಸಿತು ಎನ್ನಲಾಗದು, ಒಳಗಿದ್ದದ್ದಕ್ಕೆ ಹೊರಗೆ ಬರಲು ಬಾಗಿಲು ತೆರೆಯಿತು ಎನ್ನಬಹುದು. ಕಪ್ಪು ಬಣ್ಣದವಳು, ದಪ್ಪಗಿರುವವಳು, ಹೆಣ್ಣಿಗನಂತೆ ನಡೆಯುವವನು ಬಂದ ಕೂಡಲೇ ನಗೆಯ ಸಂಗೀತ ಹಾಕುವ ‘ಯು’ ಸಿನಿಮಾಗಳನ್ನು ಮನೆಮಂದಿಯೆಲ್ಲ ಕೂತು ನೋಡಿದ್ದೇವೆ. ನಮ್ಮ ಪ್ರಕಾರ ಅವು ‘ನೀರ್ ದೋಸೆ’ಗಿಂತ ಕೊಳಕು.

ಹಾಗಂತ ಹತ್ತನೇ ಕ್ಲಾಸಿನ ಹುಡುಗನನ್ನು ‘ಎ’ ಸಿನಿಮಾಗೆ ಕರೆದೊಯ್ಯಿರಿ ಎಂದು ನಾವು ಹೇಳುತ್ತಿಲ್ಲ. ಕಾನೂನು ಅದಕ್ಕೆ ಬಿಡುವುದೂ ಇಲ್ಲ. ತೊಡಕು ಇರುವುದು ಬೇರೆಡೆ. ಆ ಹುಡುಗ ಇಂಥ ಸಿನಿಮಾ ನೋಡುವುದು ಥಿಯೇಟರಿನಲ್ಲಲ್ಲ, ಫೋನಿನಲ್ಲಿ, 30 ಸೆಕೆಂಡಿನ ತುಣುಕುಗಳಲ್ಲಿ. ‘ತಿಥಿ’ಯ ಆರಂಭದಲ್ಲಿ ನೂರೊಂದು ವರ್ಷದ ಸೆಂಚುರಿ ಗೌಡ ದಾರಿಯಲ್ಲಿ ಹೋಗುವವರನ್ನೆಲ್ಲ ಬಾಯಿಗೆ ಬಂದಂತೆ ಬೈಯುತ್ತಾ ಕೂತಿರುತ್ತಾನೆ. ಸ್ವಲ್ಪ ಹೊತ್ತಿಗೆ ಮೂತ್ರ ಮಾಡಲು ಎದ್ದು ಹೋದವನು ಅಲ್ಲೇ ಬಿದ್ದು ಸಾಯುತ್ತಾನೆ. ಫೋನಿನ ತುಣುಕಿಗೆ ಬೈಗುಳವಷ್ಟೇ ಸಾಕು, ಸಾವಿನ ತನಕ ಅದು ಹೋಗುವುದೇ ಇಲ್ಲ.